ವ್ಯೂ ಪಾಯಿಂಟು

(ಶಿವನಿ ರೈಲ್ವೆ ಸ್ಟೇಷನ್ ಹತ್ತಿರದ ಟೀ ಅಂಗಡಿ. ದೊಡ್ಡಪ್ಪನ ಎದುರು, ರಸ್ತೆ ಗುತ್ತಿಗೆದಾರರ ಬಳಿ ಸೂಪರ್‌ವೈಸರ್ ಆಗಿರುವ ಸೀನ.)

ಸೀನ: ದೊಡ್ಡಪ್ಪ, ಚಾರ್ಮಾಡಿ ಘಾಟಿ ರಸ್ತೆ ಅಗಲ ಮಾಡ್ತೀವಿ. ಇನ್ಮೇಲೆ ಹೆದ್ದಾರಿ 73 ಅಂದ್ರೆ ಬರೀ ಸೌಂದರ್ಯ!

ದೊಡ್ಡಪ್ಪ: ಇಷ್ಟು ದಿನ ಇರ್ಲಿಲ್ವೇನೋ?

ಸೀನ: ಇತ್ತು, ಮರಗಳು ಅಡ್ಡ ಇದ್ವು. ಕಡಿದ್ರೆ ಕಾಡು ಚೆನ್ನಾಗಿ ಕಾಣುತ್ತೆ.

ದೊಡ್ಡಪ್ಪ: 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಗಾಡಿ ಓಡಾಟವೇ ನಿಂತಿತ್ತಲ್ಲೋ?

ಸೀನ: ಕುಸಿತ ಅನ್ಬೇಡಿ. ಗುಡ್ಡನೇ ರಸ್ತೆಗಿಳಿದು ದರ್ಶನ ಕೊಟ್ಟಿದ್ದು!

ದೊಡ್ಡಪ್ಪ: ಬುಡ ನೆಟ್ಟಗೆ ಕೊಯ್ದು, ಬೇರು ಕಿತ್ತು, ನೀರು ಹೋಗೋ ದಾರಿ ಮುಚ್ಚಿದ್ರೆ ಜಾರದೆ ಇನ್ನೇನು ಮಾಡುತ್ತೆ?

ಸೀನ: ತಡೆಗೋಡೆ ಕಟ್ತೀವಿ.

ದೊಡ್ಡಪ್ಪ: ಅದೂ ಬಿದ್ರೆ?

ಸೀನ: ಅದಕ್ಕೆ ಬೇರೆ ಟೆಂಡರ್!

ದೊಡ್ಡಪ್ಪ: ಸರಿ, ನಮ್ಮೂರ ರಸ್ತೆ ಯಾವಾಗ?

ಸೀನ: ಇಲ್ಲಿ ನೋಡೋಕೇನಿದೆ ದೊಡ್ಡಪ್ಪ? ಘಾಟಿ ಹತ್ತಿರದ ಕೊಟ್ಟಿಗೆಹಾರಕ್ಕೆ ಬನ್ನಿ, ನೀರ್‌ದೋಸೆ ತಿಂದು ಮಂಜು ನೋಡ್ಬಹುದು.

ದೊಡ್ಡಪ್ಪ: ಅಲ್ಲೀವರೆಗೂ ಯಾಕೋ? ಮಳೆ ಬಂದ್ರೆ ಈ ಗುಂಡಿಗಳೇ ಕೆರೆ. ಒಂದು ಬೋರ್ಡು ಹಾಕ್ಸು: ‘ಲೇಕ್ ವ್ಯೂ ಪಾಯಿಂಟ್.’

ಸೀನ: (ಡೈರಿ ತೆಗೆದು) ಎಷ್ಟು ಗುಂಡಿ ಇವೆ ದೊಡ್ಡಪ್ಪ? ಪಾರ್ಕಿಂಗ್ ಶುಲ್ಕದ ಲೆಕ್ಕ ಹಾಕ್ಬೇಕು!