ಪಾಲಿಗೆ ಬಂದ ಕುನ್ನಿಗಳು

ಮುಂಜಾನೆ ಐದೂವರೆಗೆ ಸೇಡಂ ರಸ್ತೆಯ ಕಡೆ ವಾಕಿಂಗ್ ಹೊರಟರೆ ನಮ್ಮ ಲೇಔಟಿನ ತಿರುವಿನಲ್ಲಿ ಒಬ್ಬ ಹಿರಿಯರು ಹಗ್ಗದಲ್ಲಿ ಬಿಗಿಸಿಕೊಂಡು ನಿಂತಿರುತ್ತಾರೆ. ಗಾಬರಿಯಾಗಬೇಡಿ, ದರೋಡೆ ಏನೂ ಆಗಿಲ್ಲ. ಒಂದು ಕುನ್ನಿ ಎಡದಿಂದ ಸುತ್ತಿದೆ, ಇನ್ನೊಂದು ಬಲದಿಂದ ಸುತ್ತಿದೆ. ದನ ಕಟ್ಟುವ ನೈಲಾನ್ ಹಗ್ಗ ಮಾಸ್ತರರ ಪೈಜಾಮದ ಮೇಲೆ ಮೊಣಕಾಲಿನ ತನಕ ಜಡೆಯ ಹಾಗೆ ಹೆಣೆದುಕೊಂಡಿದೆ. ಯಾರಾದರೂ ಬಿಡಿಸಲು ಬಗ್ಗಿದರೆ ಮಾಸ್ತರು 34 ವರ್ಷ ಕ್ಲಾಸಿನಲ್ಲಿ ಎತ್ತಿದ ಹಾಗೆಯೇ ಕೈ ಎತ್ತಿ, "ಇರ್ರಿ, ಮುಟ್ಟಬ್ಯಾಡ್ರಿ. ಕಲಿಸ್ಲತ್ತೀನಿ" ಅನ್ನುತ್ತಾರೆ.

ಇಂಥವರು ಕಲಬುರಗಿಯ ಪ್ರತಿ ಲೇಔಟಿನಲ್ಲೂ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ನಿವೃತ್ತ ಮಾಸ್ತರು, 30-40ರ ಸೈಟಿನಲ್ಲಿ ಮನೆ, ಗೇಟಿನ ಮುಂದೆ ಬೇವಿನ ಗಿಡ, ಮೈ ಇಲ್ಲಿ, ಜೀವ ಹಳ್ಳಿಯಲ್ಲಿ, ಟ್ರಂಕಿನಲ್ಲಿ ಅಣ್ಣ-ತಮ್ಮರ ಪಾಲು-ವಾಟ್ನಿ ಕೇಸಿನ ಕಾಗದ. ನಮ್ಮ ಮಾಸ್ತರರ ಹಳ್ಳಿ ಕಮಲಾಪುರ. ಅದು ಹುಮನಾಬಾದ್ ರಸ್ತೆಯ ಮೇಲಿದೆ, ಈಗ ತಾಲ್ಲೂಕು ಕೇಂದ್ರ; ಹಳ್ಳಿ ಅಂದರೆ ಮಾಸ್ತರರೇ ಸಿಟ್ಟಿಗೇಳುತ್ತಾರೆ. ಅಲ್ಲಿಯ ಕೆಂಪುಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಬೇರೆ ಊರಿನವರು ಆ ಹೆಸರು ಹಾಕಿ ಮಾರುವಂತಿಲ್ಲ. ಮಾಸ್ತರರೋ ಅದೇ ಊರಲ್ಲಿ ಹುಟ್ಟಿಯೂ ಪುಕ್ಕಟೆ ತಿನ್ನುವಂತಿಲ್ಲ. ತೋಟ ತಮ್ಮನ ವಹಿವಾಟಿನಲ್ಲಿದೆ. ಹಾಗಾಗಿ ಇಲ್ಲಿ ಬಂಡಿಯ ಮುಂದೆ ನಿಂತು, ತಮ್ಮದೇ ಮಣ್ಣಿನ ಹಣ್ಣಿಗೆ ಚೌಕಾಸಿ ಮಾಡಿ, ಡಜನ್ ಕೊಳ್ಳುತ್ತಾರೆ. ಆ ಬಂಡಿಯ ಚಾಚಾನೇ ಕುನ್ನಿಗಳನ್ನು ನೋಡಿ ಮೊದಲು ಕೇಳಿದ್ದು: "ದೋ ಕಾಯ್ಕು ಮಾಸ್ಟರ್‌ಸಾಬ್? ಏಕ್ ಬಸ್ ನೈ ಕ್ಯಾ?"

ಎರಡು ಯಾಕೆ? ಈ ಪ್ರಶ್ನೆಗೆ ಮಾಸ್ತರರ ಹತ್ತಿರ ಸಿದ್ಧ ಉತ್ತರವಿತ್ತು. "ಒಂದೇ ಒಯ್ದರ ಅಳ್ತದ್ರಿ. ಜೋಡಿ ಇದ್ರ ಒಂದಕ್ಕೊಂದು ಆಸರ. ಎತ್ತು ನೋಡ್ರಿ, ಒಂಟಿ ಎತ್ತಿಗಿ ಏನು ಕಿಮ್ಮತ್ತದ?" ಎತ್ತಿನ ಹೆಗಲ ಮೇಲೆ ನೊಗ ಇರುತ್ತದೆ ಎಂದು ನಾನು ಹೇಳಬಹುದಿತ್ತು. ಮಾಸ್ತರರನ್ನು ತಿದ್ದುವ ಧೈರ್ಯ ನಮ್ಮ ಓಣಿಯಲ್ಲಿ ಅವರ ಹೆಂಡತಿ ವೈನಿಯವರೊಬ್ಬರಿಗೇ ಇರುವುದು.

ಕುನ್ನಿಗಳು ಬಂದದ್ದು ಶರಣಬಸವೇಶ್ವರ ಜಾತ್ರೆ ಮುಗಿದ ವಾರ, ಕ್ರೂಸರ್ ಗಾಡಿಯಲ್ಲಿ, ಒಂದೇ ಬುಟ್ಟಿಯಲ್ಲಿ. ಒಂದು ಕೆಂಚು, ಗಿಡ್ಡ, ದುಂಡು. ಇನ್ನೊಂದಕ್ಕೆ ಉದ್ದ ಕಾಲು, ಸಣ್ಣ ನಡ. ಉದ್ದ ಕಾಲಿನದನ್ನು ತೋರಿಸಿ ಮಾಸ್ತರು, "ಮುಧೋಳ ತಳಿ. 2005ರಾಗ ಅಂಚೆಚೀಟಿ ಮ್ಯಾಲೆ ಬಂದದ್ದು ಇದೇ ನಾಯಿ" ಎಂದರು. ಅಂಚೆಚೀಟಿಯ ಮಾತು ಖರೆ. ಆ ವರ್ಷ ನಾಲ್ಕು ದೇಶಿ ತಳಿಗಳ ಚೀಟಿ ಬಂದಿದ್ದವು, ಮುಧೋಳವೂ ಇತ್ತು. ಹಾಗಾದರೆ ಒಡಹುಟ್ಟಿದ ಗಿಡ್ಡ ಯಾವ ತಳಿ ಎಂದು ಕೇಳಿದೆ. ಮಾಸ್ತರು ಆಕಾಶ ನೋಡಿ, ಈ ವರ್ಷ ಬಿಸಿಲು ಜಾಸ್ತಿ ಎಂದರು.

ಹೆಸರಿಟ್ಟದ್ದು ಸೋನ್ಯಾ, ಮೋನ್ಯಾ. ತಪ್ಪಾದದ್ದೇ ಅಲ್ಲಿ. ಸೋನ್ಯಾ ಎಂದರೆ ಎರಡೂ ಬರುತ್ತಿದ್ದವು, ಮೋನ್ಯಾ ಎಂದರೆ ಎರಡೂ ಬರುತ್ತಿದ್ದವು, ಸಿಟ್ಟಿನಿಂದ ಕರೆದರೆ ಎರಡೂ ಓಡುತ್ತಿದ್ದವು. ತಿಂಗಳು ಕಳೆದ ಮೇಲೆ ಅದೂ ನಿಂತಿತು. "ಕೂಡು" ಎಂದು ಮಾಸ್ತರು ಬೆರಳು ತೋರಿಸಿದರೆ ಸೋನ್ಯಾ ಬೆರಳು ನೋಡುವುದಿಲ್ಲ, ಮೋನ್ಯಾನ ಮುಖ ನೋಡುತ್ತದೆ. ಮೋನ್ಯಾ ಸೋನ್ಯಾನ ಮುಖ ನೋಡುತ್ತದೆ. ಇಬ್ಬರ ನಡುವೆ ಏನೋ ಒಂದು ತೀರ್ಮಾನವಾಗಿ ಎರಡೂ ಒಟ್ಟಿಗೆ ಸೋಫಾದ ಕೆಳಗೆ ಹೋಗುತ್ತವೆ. ಸಾವಿರಾರು ಮಕ್ಕಳನ್ನು ಕೂಡಿಸಿದ ಆ ದನಿ ಸೋಫಾದ ಮುಂದೆ ನಿಂತು ಅಂಗಲಾಚುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದನ್ನು ಮಾಳಿಗೆಯ ಮೇಲೆ ಕಟ್ಟಿ ಇನ್ನೊಂದಕ್ಕೆ ಪಾಠ ಹೇಳುವ ಪ್ರಯೋಗವೂ ನಡೆಯಿತು. ಮೇಲಿನದು ಊಳಿಟ್ಟಿತು, ಅದಕ್ಕೆ ಕೆಳಗಿನದು ದನಿ ಕೂಡಿಸಿತು. ಎದುರು ಮನೆಯ ಪರೀಕ್ಷೆಯ ಹುಡುಗ ಹೊರಗೆ ಬಂದು ಕೈ ಮುಗಿದ ಮೇಲೆ ಆ ಪ್ರಯೋಗ ನಿಂತಿತು.

ಆಮೇಲೆ ಮೇ ತಿಂಗಳು ಬಂತು. ಕಲಬುರಗಿಯ ಮೇ ಎಂದರೆ ಹೊಸದಾಗಿ ಹೇಳುವುದೇನಿದೆ, ಪಾರಾ 42 ದಾಟಿದರೂ ಇಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಕುನ್ನಿಗಳು ಶಹಾಬಾದ್ ಫರ್ಸಿಯ ಮೇಲೆ ಹಿಂಗಾಲು ಹಿಂದಕ್ಕೆ ಚಾಚಿ, ಹೊಟ್ಟೆ ಅಂಟಿಸಿ ಮಲಗುತ್ತಿದ್ದವು. ನಾಯಿಗೆ ಬೆವರು ಬರುವುದು ಅಂಗಾಲಿನಲ್ಲಿ. ಎದ್ದು ನಡೆದರೆ ಕರಿ ಕಲ್ಲಿನ ಮೇಲೆ ನಾಲ್ಕು ದಳದ ಒದ್ದೆ ಹೂವು ಮೂಡುತ್ತಿತ್ತು, ಐದು ಎಣಿಸುವುದರೊಳಗೆ ಆರಿಹೋಗುತ್ತಿತ್ತು. ಇಷ್ಟು ಚೆಂದ ಇದ್ದದ್ದು ಕೂಲರ್ ಹಚ್ಚುವ ತನಕ ಮಾತ್ರ. ಕೂಲರಿನ ಮುಂದಿನ ಒಂದೂವರೆ ಫರ್ಸಿಗಾಗಿ ಅಣ್ಣ-ತಮ್ಮಂದಿರ ಮೊದಲ ಕಾಳಗ ನಡೆಯಿತು. ಗಿಡ್ಡ ಕಿವಿ ಹಿಡಿಯಿತು, ಉದ್ದ ಕಾಲು ಹಿಡಿಯಿತು, ಬಿಡಿಸಹೋದ ಮಾಸ್ತರರ ಲುಂಗಿಯನ್ನು ಎರಡೂ ಹಿಡಿದವು. ಗುಡಿಸುವಾಗ ವೈನಿಯವರಿಗೆ ಅಕ್ಕಿಕಾಳಿನಷ್ಟು ಒಂದು ಹಾಲುಹಲ್ಲು ಸಿಕ್ಕಿತು. ಅದನ್ನು ಅಂಗೈಯಲ್ಲಿ ಹಿಡಿದು ಗಂಡನಿಗೆ ತೋರಿಸಿ, "ಜೋಡಿ ಇದ್ರ ಆಸರ ಅಂತಿದ್ರಿ" ಎಂದರು.

ಒಳಗೆ ಮಲಗಿದ್ದ ಮಾಸ್ತರರ ತಾಯಿ ಮಗನ ಪರ ವಕಾಲತ್ತಿಗೆ ಬಂದರು. ಗಾಣಗಾಪುರ ನಮ್ಮ ಜಿಲ್ಲೆಯದೇ. ದತ್ತ ಮಹಾರಾಜರ ಪಟ ಆ ಮನೆಯ ಜಗಲಿಯ ಮೇಲಿದೆ. "ಮಹಾರಾಜರು ನಾಲ್ಕು ನಾಯಿ ಸಾಕ್ಯಾರ. ನಿಮಗ ಎರಡು ನೀಗಲ್ಲೇನು?" ವೈನಿಯವರ ಜವಾಬು ತಕ್ಷಣ ಬಂತು: "ಅವು ನಾಲ್ಕು ವೇದ ಅತ್ತಿ. ಇವು ಎರಡು ಬರೇ ವಾದ."

ಕಡೆಗೆ ಗಾಯಕ್ಕೆ ಮುಲಾಮು, ಮೂರು ತಿಂಗಳಿಗೆ ಹಾಕಿಸಬೇಕಿದ್ದ ಹುಚ್ಚುನಾಯಿ ರೋಗದ ಲಸಿಕೆ ಎಂದು ಪಶುವೈದ್ಯರ ಹತ್ತಿರ ಹೋದೆವು. ಸೋನ್ಯಾಗೆ ಸೂಜಿ ಚುಚ್ಚಿದರೆ ಮೋನ್ಯಾ ಕುಂಯ್ ಎಂದಿತು. ಡಾಕ್ಟರ್ ಬೀದರಿನಲ್ಲಿ ಓದಿ ಬಂದ ಹುಡುಗಿ, ಮಾಸ್ತರರ ಹಳೆಯ ವಿದ್ಯಾರ್ಥಿನಿ. ಎಲ್ಲ ಕೇಳಿಕೊಂಡು ಮೆಲ್ಲಗೆ ಹೇಳಿದಳು: "ಸರ್, ಒಂದೇ ಸೂಲಿನ ಎರಡು ಮರಿ ಕೂಡಿ ಬೆಳೆದ್ರ ಹಿಂಗೇ ಆಗ್ತದ್ರಿ. ಅವಕ್ಕ ಅವೇ ಜಗತ್ತು, ನೀವು ಬರೇ ರೊಟ್ಟಿ ಹಾಕೋರು. ಲಿಟರ್‌ಮೇಟ್ ಸಿಂಡ್ರೋಮ್ ಅಂತಾರ. ರೋಗ ಅಲ್ರಿ, ನಾಯಿ ಪಳಗಿಸೋರು ಅನುಭವದ ಮ್ಯಾಲೆ ಇಟ್ಟ ಹೆಸರು. ಎರಡೂ ಗಂಡು ಬ್ಯಾರೆ, ಮುಂದ ಜಗಳ ಇನ್ನಾ ಜೋರ ಆಗಬಹುದು. ತಾಟು ಬ್ಯಾರೆ ಮಾಡ್ರಿ, ಮಲಗೋ ಜಾಗ ಬ್ಯಾರೆ ಮಾಡ್ರಿ, ತಿರುಗಾಡ್ಸೂದು ಬ್ಯಾರೆ ಮಾಡ್ರಿ. ಇಲ್ಲಂದ್ರ ಒಂದು ಯಾರಿಗರೆ ಕೊಡ್ರಿ."

ಮಾಸ್ತರರ ಮುಖ ಕೆಂಪಾಯಿತು. "ಬ್ಯಾರೆ ಯಾಕ ಮಾಡಬೇಕು? ನಾವು ಅಣ್ಣ-ತಮ್ಮರು ಒಂದೇ ಗಂಗಾಳದಾಗ ಉಂಡು ಬೆಳೆದೋರು."

"ಅದಕ್ಕೇ ಕೋರ್ಟಿನಾಗ ಇದ್ದೀರಿ" ಎಂದರು ವೈನಿ.

ಡಾಕ್ಟರ್ ತಗ್ಗಿಸಿದ ತಲೆಯನ್ನು ಮೇಲೆತ್ತದೆ, "ಸರ್, ನಾನೂ ನಮ್ಮಕ್ಕಾನೂ ಕೂಡಿ ಕುಂತ್ರ ಪಾಠ ಕೇಳಲ್ಲಂತ ನೀವೇ ಬ್ಯಾರೆ ಬ್ಯಾರೆ ಬೆಂಚಿಗಿ ಹಾಕಿದ್ರಿ" ಎಂದಳು. ತಾವೇ ಕಲಿಸಿದ ಪಾಠವನ್ನು ತಮಗೇ ಒಪ್ಪಿಸಿದ ವಿದ್ಯಾರ್ಥಿನಿಗೆ ಏನು ಹೇಳುತ್ತಾರೆ? ಮಾತು ತಿರುಗಿಸಲು ತಳಿಯ ವಿಷಯ ತೆಗೆದರು. ಒಂದು ಉದ್ದ, ಒಂದು ಗಿಡ್ಡ ಹ್ಯಾಂಗ? ಒಂದೇ ಸೂಲಿನ ಮರಿಗಳಿಗೆ ಅಪ್ಪಂದಿರು ಇಬ್ಬರಿರಬಹುದು ಎಂದಳು ಡಾಕ್ಟರ್. ಮಾಸ್ತರು ಕುರ್ಚಿಯಿಂದ ಎದ್ದೇ ನಿಂತರು. "ಹಂಗ ಮಾತಾಡಬ್ಯಾಡ. ನಮ್ಮ ಹೊಲದ ನಾಯಿ ಅಂಥಾದಲ್ಲ!"

ದಾರಿಯಲ್ಲಿ ಆಟೋದೊಳಗೆ, ಎರಡು ಕುನ್ನಿ ಎರಡು ತೊಡೆಯ ಮೇಲಿರುವಾಗ, ವೈನಿಯವರು ನನಗೆ ನಿಜ ಸಂಗತಿ ಬಿಚ್ಚಿದರು. ತಾಯಿನಾಯಿ ಈದದ್ದು ಎರಡೂ ಪಾಲಿನ ನಡುವಿನ ಒಡ್ಡಿನ ಮೇಲೆ, ಕಣಿಕಿ ಬಣವೆಯ ಬುಡದಲ್ಲಿ. ನಾಲ್ಕು ಮರಿ. ಅಣ್ಣ ಬಂದದ್ದು ನೋಡಿ ತಮ್ಮ ತನ್ನ ಹೆಂಡತಿಯ ಬಾಯಿಂದ ಹೇಳಿಸಿದ, "ಬೇಕಾದ್ರ ಒಂದು ಒಯ್ಯಲಿ." ಮಾಸ್ತರು, "ಒಂದ್ಯಾಕ? ನಾಲ್ಕರಾಗ ಅರ್ಧ ಎಷ್ಟು?" ಎಂದರು. ಎರಡು ಎಂದು ತಮ್ಮನ ಮಗ ಹೇಳಿದ. "ಪಾಲು ಅಂದ್ರ ಪಾಲು" ಎಂದು ಎರಡನ್ನು ಬುಟ್ಟಿಗೆ ಹಾಕಿಕೊಂಡರು. ಒಂದೇ ತಂದಿದ್ದರೆ ಹಕ್ಕು ಬಿಟ್ಟುಕೊಟ್ಟ ಹಾಗೆ ಆಗುತ್ತಿತ್ತಂತೆ. ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲಿ ಬಂತು, 2013ರಲ್ಲಿ ಕಾಯಂ ಆಯಿತು. ಮೊದಲಾದರೆ ಅಪೀಲು ಎಂದರೆ ಬೆಂಗಳೂರಿಗೆ ರಾತ್ರಿಯೆಲ್ಲ ಪ್ರಯಾಣ. ಈಗ ಮನೆಯಲ್ಲಿ ಪುಂಡಿಪಲ್ಯ ರೊಟ್ಟಿ ಉಂಡು ಆಟೋದಲ್ಲಿ ಹೋಗಿ ಬರಬಹುದು. ಇಂಥ ಅನುಕೂಲವಿದ್ದಾಗ ರಾಜಿಯಾಗಲು ಯಾರಿಗೆ ಮನಸ್ಸಾದೀತು ಹೇಳಿ.

ಒಂದನ್ನು ಕೊಡಬೇಕು, ಆದರೆ ಯಾರಿಗೆ? ಓಣಿಯವರು ಮೊದಲೇ ಕೈ ಮುಗಿದಿದ್ದರು. ಉಳಿದದ್ದು ಕಮಲಾಪುರದ ಒಡ್ಡು ಒಂದೇ. ಮಾಸ್ತರು ಎರಡು ರಾತ್ರಿ ನಿದ್ದೆ ಕೆಟ್ಟು ಒಂದು ಹಾಳೆ ಬರೆದರು: "ಸದರಿ ಕುನ್ನಿಯನ್ನು ತಾತ್ಕಾಲಿಕವಾಗಿ, ನನ್ನ ಹಕ್ಕಿಗೆ ಯಾವುದೇ ಬಾಧೆ ಬಾರದಂತೆ, ಕೇವಲ ಜೋಪಾನಕ್ಕಾಗಿ ಒಪ್ಪಿಸಲಾಗಿದೆ." ನನ್ನಿಂದ ಸಾಕ್ಷಿ ಸಹಿಯನ್ನೂ ಹಾಕಿಸಿಕೊಂಡರು. ಭಾನುವಾರ ಮೋನ್ಯಾನನ್ನು ಅದೇ ಬುಟ್ಟಿಯಲ್ಲಿ ಒಯ್ದರು. ಹಾಳೆಯನ್ನು ತಮ್ಮ ಓದಲಿಲ್ಲವಂತೆ, ಮಡಚಿ ಜೇಬಿಗಿಟ್ಟುಕೊಂಡನಂತೆ. ಮರಳಿ ಬರುವಾಗ ಬುಟ್ಟಿ ಖಾಲಿ ಇರಲಿಲ್ಲ, ಕೆಂಪುಬಾಳೆ ಇದ್ದವು. ಯಾರು ಇಟ್ಟರು ಎಂದು ಮಾಸ್ತರು ಹೇಳಲಿಲ್ಲ, ನಾವೂ ಕೇಳಲಿಲ್ಲ. ನನಗೆ ಎರಡು ಕೊಟ್ಟರು.

ಅವತ್ತು ರಾತ್ರಿ ಸೋನ್ಯಾ ಉಣ್ಣಲಿಲ್ಲ. ಗೇಟಿನ ಸಂದಿಯಲ್ಲಿ ಮೂತಿ ತುರುಕಿ ಹುಮನಾಬಾದ್ ರಸ್ತೆಯ ಕಡೆಗೇ ನೋಡುತ್ತ ಕುಂಯ್‌ಗುಡುತ್ತಿತ್ತು. ಒಂಬತ್ತು ಗಂಟೆಗೆ ಮಾಸ್ತರು ಅಂಗಳಕ್ಕೆ ಬಂದು, ಕನ್ನಡಕ ಏರಿಸಿ, ಫೋನಿನಲ್ಲಿ ಬಹಳ ಹೊತ್ತು ಏನೋ ಹುಡುಕಿದರು. ವಕೀಲರಿಗೆ ಅಲ್ಲ, ತಮ್ಮನಿಗೇ ಹಚ್ಚಿದರು.

"ಹಲೋ."

"ಹೂಂ."

"ಮೋನ್ಯಾ ಉಂಡದೇನು?"

"ಇಲ್ಲ. ಬುಟ್ಟಿ ಇಟ್ಟ ಜಾಗದಾಗೇ ಕುಂತದ."

"ಹಾಲು ಭಾಳ ಹಾಕಬ್ಯಾಡ, ಹೊಟ್ಟಿ ಕೆಡ್ತದ."

"ಹೂಂ."

ಮುಂದೆ ಇಬ್ಬರಿಗೂ ಮಾತಿಲ್ಲ. ಇಡುವುದಕ್ಕೂ ಮನಸ್ಸಿಲ್ಲ. ಪಡಸಾಲೆಯಿಂದ ವೈನಿಯವರ ದನಿ ಬಂತು: "ನಿಮಗ ಆಗಲ್ಲ, ಅವಾದ್ರೂ ಮಾತಾಡ್ಲಿ. ಸ್ಪೀಕರ್ ಹಾಕ್ರಿ." ಮಾಸ್ತರು ಸ್ಪೀಕರ್ ಹಾಕಿ, ಒಂದು ಕೈ ಸೊಂಟದ ಮೇಲಿಟ್ಟು, ಬಗ್ಗಿ ಫೋನನ್ನು ಸೋನ್ಯಾನ ಕಿವಿಯ ಮಟ್ಟಕ್ಕೆ ಹಿಡಿದರು. ಆ ಕಡೆಯಿಂದ ಕುಂಯ್ ಎಂದಿತು. ಸೋನ್ಯಾ ತಲೆ ವಾರೆ ಮಾಡಿತು, ಫೋನಿನ ಹಿಂದೆ ಹೋಗಿ ಮೂಸಿ ನೋಡಿತು, ಮತ್ತೆ ಮುಂದೆ ಬಂದು ಬೊಗಳಿತು. ಅದು ಮುಗಿದ ಮೇಲೂ ಮಾಸ್ತರು ಬಗ್ಗಿಯೇ ಇದ್ದರು.

"ಅಣ್ಣಾ, ಇಡ್ಲೇನು?" ಎಂದಿತು ಫೋನು.

ಮಾಸ್ತರು ಗಂಟಲು ಸರಿ ಮಾಡಿಕೊಂಡರು. "ಹೂಂ, ಇಡು. ಇವತ್ತು ನಾ ಹಚ್ಚೀನಿ. ನಾಳಿ ಹಚ್ಚೂದು ನಿನ್ನ ಪಾಲು."