ಕಾಲಂ ಇಲ್ಲದ ಕಾಯಿಲೆ

ಪರೀಕ್ಷಾ ವಿಭಾಗದ ಕಿಟಕಿ. ಗುಮಾಸ್ತರು ಒದ್ದೆ ಸ್ಪಂಜಿಗೆ ಹೆಬ್ಬೆರಳೊತ್ತಿ ಅರ್ಜಿ ತಿರುವಿದರು.

"ಏನಮ್ಮಾ, ಮರುಎಣಿಕೆಯೋ, ಮರುಮೌಲ್ಯಮಾಪನವೋ?"

"ಎರಡೂ ಅಲ್ಲ ಸಾರ್. ಖಿನ್ನತೆ ಇತ್ತು, ಸರಿಯಾಗಿ ಬರೆಯೋಕಾಗ್ಲಿಲ್ಲ. ಡಾಕ್ಟರ ಸರ್ಟಿಫಿಕೇಟ್ ಇಟ್ಟಿದ್ದೀನಿ."

"ಕೈ ಮುರಿದಿತ್ತಾ?"

"ಇಲ್ಲ."

"ಛೇ! ಮುರಿದಿದ್ರೆ ಸ್ಕ್ರೈಬ್ ಕೊಡ್ತಿದ್ವಲ್ಲ."

ಹುಡುಗಿ ಓದಿಕೊಂಡೇ ಬಂದಿದ್ದಳು. (ಪರೀಕ್ಷೆಗೂ ಹೀಗೇ ಓದಬಹುದಿತ್ತು ಎಂದು ಪಕ್ಕದ ಮೇಜು ಗೊಣಗಿತು.) "2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆಯಲ್ಲಿ ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಗೂ ಭೇದ ಮಾಡೋಹಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೂ ಮಾನಸಿಕ ಅನಾರೋಗ್ಯ ಇದೆ."

"ಕಾಯ್ದೇಲಿರಬಹುದು. ನಮ್ಮ ಫಾರಂನಲ್ಲಿ ಕಾಲಂ ಇಲ್ವಲ್ಲ."

ಅದೇನೋ ನಿಜ. ಮರುಮೌಲ್ಯಮಾಪನಕ್ಕೆ ಕಾಣುವುದು ಉತ್ತರಪತ್ರಿಕೆ ಮಾತ್ರ. ಬರೆದವಳು ಮೂರು ವಾರ ಕಣ್ಣು ಮುಚ್ಚಿಲ್ಲ ಎಂಬುದಕ್ಕೆ ಅದರಲ್ಲಿ ಪುಟವಿಲ್ಲ.

"ಆಪ್ತಸಮಾಲೋಚಕರಾದ್ರೂ ಇದ್ದಾರಾ ಸಾರ್? ನೂರು ವಿದ್ಯಾರ್ಥಿಗಳಿರೋ ಕಡೆ ಒಬ್ಬರಾದ್ರೂ ಇರಬೇಕು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ."

"ಇದ್ದಾರಲ್ಲ! ಗಣಿತದ ಮೇಷ್ಟ್ರಿಗೇ ಹೆಚ್ಚುವರಿ ಹೊಣೆ. ನಿಂದು ಯಾವ ಸಬ್ಜೆಕ್ಟ್ ಹೋಗಿರೋದು?"

"ಗಣಿತ."

ಗುಮಾಸ್ತರು ಸೀಲು ಕೈಗೆತ್ತಿಕೊಂಡರು. "ಚಲನ್ ಕಟ್ಟಿ ಬಾ."

ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ರ ಪೋಸ್ಟರ್ ಇತ್ತು. ಕೊನೆಯ ಎರಡು ಅಂಕಿಗಳ ಮೇಲೆ ರಜಾಪಟ್ಟಿ ಅಂಟಿಸಿದ್ದರು.