ಮಧುಗಿರಿ – ಶಿರಾ, ಮಾರ್ಗ: ಅಮೆರಿಕ

ನಮ್ಮಮ್ಮ ಫೋನಿನಲ್ಲಿ ಮಾತಾಡುವುದಿಲ್ಲ, ಕೂಗುತ್ತಾಳೆ. ಆ ಕೂಗಿಗೂ ಒಂದು ಲೆಕ್ಕವಿದೆ. ಕೊರಟಗೆರೆಯ ಚಿಕ್ಕಪ್ಪನಿಗಾದರೆ ಗಂಟಲಿಂದ ಕೂಗಿದರೆ ಸಾಕು, ಪಕ್ಕದ ಊರು. ಶಿರಾದಲ್ಲಿರುವ ಅಕ್ಕನಿಗೆ ಎದೆಯಿಂದ. ಪಾವಗಡದ ಅತ್ತೆಗೆ ಹೊಟ್ಟೆಯಿಂದ. ತಮ್ಮ ಅಮೆರಿಕಕ್ಕೆ ಹೋದ ಮೇಲೆ, ಹೊಟ್ಟೆಗಿಂತ ಕೆಳಗಿನಿಂದ ದನಿ ತರಲು ಜಾಗವಿಲ್ಲದ್ದರಿಂದ, ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂಗತೊಡಗಿದಳು. ನಮ್ಮ ಹಿತ್ತಲಲ್ಲಿ ನಿಂತರೆ ಮಧುಗಿರಿಯ ಏಕಶಿಲಾ ಬೆಟ್ಟ ಇಡಿಯಾಗಿ ಕಾಣುತ್ತದೆ. ಅಮ್ಮನ ಕೂಗು ಅದಕ್ಕೆ ಬಡಿದು ವಾಪಸ್ಸು ಬರುವಷ್ಟರಲ್ಲಿ ತಮ್ಮನ ಉತ್ತರವೂ ಬರುತ್ತಿತ್ತು.

ಅವನು ಹೋದದ್ದು 1999ರಲ್ಲಿ. ಆಗ ಮಾತೆಂದರೆ ಬಸ್‌ಸ್ಟ್ಯಾಂಡಿನ ಹತ್ತಿರದ ಹಳದಿ ಬೋರ್ಡಿನ ಎಸ್‌ಟಿಡಿ ಬೂತು. ಗಾಜಿನ ಗೂಡಿನೊಳಗೆ ಅಮ್ಮ, ಹೊರಗೆ ನಾನು, ನಡುವೆ ಕೆಂಪಗೆ ಓಡುವ ಮೀಟರು. ರಾತ್ರಿ ಹೊತ್ತಾದ ಮೇಲೆ ದರ ಇಳಿಯುತ್ತದೆಂದು ಊಟ ಮುಗಿಸಿ ಹೋಗುತ್ತಿದ್ದೆವು. ಗೂಡಿನ ಬಾಗಿಲು ಹಾಕಿದ್ದರೂ ಸರದಿಯಲ್ಲಿ ನಿಂತವರಿಗೆಲ್ಲ ನಮ್ಮ ಮನೆಯ ಸಮಾಚಾರ ಪೂರ್ತಿ ತಿಳಿಯುತ್ತಿತ್ತು. ಒಮ್ಮೆ ಅಮ್ಮ ಹೇಳಲು ಮರೆತದ್ದನ್ನು ಹೊರಗೆ ನಿಂತಿದ್ದ ಕಡಲೆಕಾಯಿ ವ್ಯಾಪಾರಿಯೊಬ್ಬರು ಗಾಜು ತಟ್ಟಿ ನೆನಪಿಸಿದರು: "ಅಮ್ಮಾ, ಸೈಟಿನ ವಿಚಾರ!" ಅಪ್ಪ ಇದ್ದಿದ್ದರೆ ಇಷ್ಟಕ್ಕೂ ಬಿಡುತ್ತಿರಲಿಲ್ಲ. ಅವರದು ಟ್ರಂಕ್ ಕಾಲ್ ಕಾಲ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ಬಗೆ. ಲೈಟ್ನಿಂಗ್‌ಗೆ ಎಂಟು ಪಟ್ಟು ದರ. ಮನುಷ್ಯ ಸತ್ತರೂ ಆರ್ಡಿನರಿಯೇ ಸಾಕು, ಹೇಗೂ ಅವನಿಗೆ ಅವಸರವಿಲ್ಲ ಎನ್ನುತ್ತಿದ್ದರು.

ಇಂಟರ್ನೆಟ್ಟಿನ ಮೇಲೆ ಫೋನು ಮಾಡುವುದು ನಮ್ಮ ದೇಶದಲ್ಲಿ ಬಹಳ ದಿನ ಅಪರಾಧವೇ ಆಗಿತ್ತು. ಸರ್ಕಾರ ಅದಕ್ಕೆ ಅಪ್ಪಣೆ ಕೊಟ್ಟದ್ದು 2002ರ ಏಪ್ರಿಲ್ ಒಂದರಂದು. ತಾರೀಕು ನೋಡಿ ನಾನು ನಂಬಿರಲಿಲ್ಲ. ನಂಬಿದ ಮೇಲೆ ಅಮ್ಮನನ್ನು ಸೈಬರ್ ಸೆಂಟರಿಗೆ ಕರೆದೊಯ್ದೆ. ಕಿವಿಗೆ ಸಿಕ್ಕಿಸಿದ ಹೆಡ್‌ಫೋನು ತುರುಬಿಗೆ ಸಿಕ್ಕಿಕೊಂಡಿತು. ಅಮ್ಮ ಮೈಕಿಗೆ ಒಂದೇ ಒಂದು ಸಲ "ಮಗೂ" ಎಂದಳು. ಆ ಸಾಲಿನ ಹುಡುಗರೆಲ್ಲ ತಂತಮ್ಮ ಪರದೆಗಳನ್ನು ದಿಢೀರನೆ ಮುಚ್ಚಿದರು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಡಬ್ಬ ಬಂದದ್ದು 2007ರಲ್ಲಿ. ತಮ್ಮ ರಜೆಗೆ ಬಂದಾಗ ಸೂಟ್‌ಕೇಸಿನಲ್ಲಿ ಬಾದಾಮಿ ಪೊಟ್ಟಣಗಳ ನಡುವೆ ಅಡಗಿಸಿ ತಂದಿದ್ದ. ವೀಳ್ಯದೆಲೆ ಪೆಟ್ಟಿಗೆಯಷ್ಟಿತ್ತು. ಒಂದು ಕಡೆ ಬ್ರಾಡ್‌ಬ್ಯಾಂಡ್ ವೈರು ಸಿಕ್ಕಿಸಿ, ಇನ್ನೊಂದು ಕಡೆಗೆ ಮಾಮೂಲಿ ಫೋನು ಸಿಕ್ಕಿಸಿದರೆ ಮುಗಿಯಿತು, ನಮ್ಮ ಹೆಂಚಿನ ಮನೆಗೆ 732ರಿಂದ ಶುರುವಾಗುವ ನ್ಯೂಜೆರ್ಸಿಯ ನಂಬರು. ತಮ್ಮ ಇರುವುದು ಅಲ್ಲಿನ ಎಡಿಸನ್ ಎಂಬ ಊರಲ್ಲಿ. ಅವನ ಮನೆಯಿಂದ ನಮ್ಮ ಮನೆಗೆ ಈಗ ಲೋಕಲ್ ಕಾಲು! ತಿಂಗಳ ಬಾಡಿಗೆ ಅವನದು, ಮಾತೆಲ್ಲ ಪುಕ್ಕಟೆ. ಆ ಊರಿಗೆ ಯಾರ ಹೆಸರಿಟ್ಟಿದ್ದಾರೋ ಆ ಎಡಿಸನ್ ಮಹಾಶಯ ಫೋನಿಗೆ ಇಂಗಾಲದ ಟ್ರಾನ್ಸ್‌ಮಿಟರು ಮಾಡಿಕೊಟ್ಟವನು. ಅದು ಬಂದಮೇಲೆ ದೂರದವರೊಡನೆ ಮಾತಾಡಲು ಗಂಟಲು ಹರಿದುಕೊಳ್ಳುವ ಕಷ್ಟ ತಪ್ಪಿತಂತೆ. ನಮ್ಮಮ್ಮನ ಪರಿಚಯ ಅವನಿಗಿರಲಿಲ್ಲ.

ಮೊದಲ ವಾರ ನಿದ್ದೆ ಇಲ್ಲ. ಅಮೆರಿಕದಲ್ಲಿ ಮಾರಾಟದ ಫೋನು ಮಾಡುವವರು ಬೆಳಗ್ಗೆ ಎಂಟಕ್ಕೆ ಮೊದಲು, ರಾತ್ರಿ ಒಂಬತ್ತರ ಮೇಲೆ ಮಾಡಕೂಡದೆಂದು ಕಾನೂನಿದೆ. ಅವರು ಶಿಸ್ತಿನ ಜನ. ನ್ಯೂಜೆರ್ಸಿಯ ಗಡಿಯಾರ ನೋಡಿಕೊಂಡು, ನಮ್ಮ ಸಂಜೆ ಆರೂವರೆಯಿಂದ ಬೆಳಗಿನ ಏಳೂವರೆಯವರೆಗೆ ಕಾನೂನುಬದ್ಧವಾಗಿ ಫೋನು ಮಾಡುತ್ತಿದ್ದರು. ರಾತ್ರಿ ಎರಡಕ್ಕೆ ಒಬ್ಬ ನಮ್ಮ ಮನೆಯ ಮೇಲೆ ಸಾಲ ಬೇಕೇ ಎಂದ. ಯಾವ ಮನೆ, ಎಷ್ಟು ಹೆಂಚು ಒಡೆದಿದೆ, ಖಾತೆ ಯಾರ ಹೆಸರಲ್ಲಿದೆ ಒಂದೂ ಕೇಳಲಿಲ್ಲ. ನಮ್ಮೂರ ಬ್ಯಾಂಕು ಒಂದು ಹಸುವಿನ ಸಾಲಕ್ಕೆ ಮೂರು ತಿಂಗಳು ಅಲೆಸಿತ್ತು. ಮರುವರ್ಷ ಸೆಪ್ಟೆಂಬರಿನಲ್ಲಿ ಅಲ್ಲಿನ ದೊಡ್ಡ ಬ್ಯಾಂಕು ಮುಳುಗಿತೆಂದು ಪೇಪರಿನಲ್ಲಿ ಬಂದಾಗ ಊರಿನವರೆಲ್ಲ ಆಶ್ಚರ್ಯಪಟ್ಟರು, ನನ್ನೊಬ್ಬನನ್ನು ಬಿಟ್ಟು.

ಸುದ್ದಿ ಹಬ್ಬಿತು. ಪಾವಗಡದ ಅತ್ತೆ ಶನಿವಾರಗಳನ್ನು ಬಿಟ್ಟು ಮಿಕ್ಕ ದಿನ ಬಸ್ಸು ಹತ್ತಿ ಬರತೊಡಗಿದರು. ಶನಿವಾರ ಅವರಿಗೆ ಊರಿನ ಶನಿಮಹಾತ್ಮನ ಗುಡಿ ಬಿಟ್ಟು ಕದಲುವಂತಿಲ್ಲ. ಮಗಳು ಅಟ್ಲಾಂಟಾದಲ್ಲಿ. ಪಾವಗಡಕ್ಕೆ ಮೂರು ಕಡೆಯೂ ಆಂಧ್ರ. ಅತ್ತೆಯ ಕನ್ನಡಕ್ಕೆ ಸಿಟ್ಟು ಬಂದರೆ ಅದು ತೆಲುಗಾಗುತ್ತದೆ. ಡಬ್ಬದ ಮಾತು ಕೊಂಚ ತಡವಾಗಿ ತಲುಪುತ್ತಿತ್ತಲ್ಲ, ಕೇಳಿದ ಪ್ರಶ್ನೆಗೆ ಮಗಳು ಅರೆಗಳಿಗೆ ಸುಮ್ಮನಿದ್ದಂತೆ ಇವರಿಗೆ ತೋರುತ್ತಿತ್ತು. "ಅಳಿಯಂದಿರು ಚೆನ್ನಾಗಿ ನೋಡ್ಕೋತಾರೇನೆ?" ಮೌನ. ಆಮೇಲೆ "ಹೂಂ ಅಮ್ಮ." ಆ ಮೌನವನ್ನು ಹೊತ್ತುಕೊಂಡು ಅತ್ತೆ ವಾಪಸ್ಸು ಹೋಗಿ ಎಳ್ಳೆಣ್ಣೆ ದೀಪ ಹಚ್ಚುತ್ತಿದ್ದರು. ಆ ಅಳಿಯ ಮಹಾ ಸಾಧು. ಅವನ ಸಂಸಾರವನ್ನು ಸಂಶಯಕ್ಕೆ ದೂಡಿದ್ದು ಬರೀ ಅರ್ಧ ಸೆಕೆಂಡು.

ಅಕ್ಕನ ಕತೆ ಬೇರೆ. "ಎಡಿಸನ್ನಿಂದ ಅಮ್ಮನ ಹತ್ರ ಮಾತಾಡೋಕೆ ಕಾಸಿಲ್ಲ, ಶಿರಾದಿಂದ ಮಾತಾಡೋಕೆ ಕಾಸು. ಹೆಣ್ಣು ಮಗಳು ಅಂತ ತಾನೆ?" ಎಂದು ಮುನಿಸಿಕೊಂಡಳು. 2006ರ ಮಾರ್ಚಿನಿಂದ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದೇ ರೂಪಾಯಿ ಆಗಿತ್ತು. ಒಂದು ರೂಪಾಯಿ ಎಂದರೂ ಅದು ರೂಪಾಯಿಯೇ. ಕ್ಯಾಲಿಫೋರ್ನಿಯಾದಲ್ಲಿದ್ದ ಅವಳ ಮಗ ತಾಯಿಯ ಮರ್ಯಾದೆ ಉಳಿಸಲು ಅದೇ ಕಂಪನಿಯ ಇನ್ನೊಂದು ಡಬ್ಬ ಕಳಿಸಿದ. ಡಬ್ಬದಿಂದ ಡಬ್ಬಕ್ಕೆ ಪುಕ್ಕಟೆ. ಹೀಗೆ ಮಧುಗಿರಿಗೂ ಶಿರಾಕ್ಕೂ ನಡುವೆ, ಬಸ್ಸಿನಲ್ಲಿ ಒಂದೂವರೆ ಗಂಟೆಯ ಹಾದಿಗೆ, ಹೊಸ ಮಾರ್ಗವೊಂದು ತೆರೆಯಿತು: ನಮ್ಮ ಡಬ್ಬದಿಂದ ಬೆಂಗಳೂರು, ಅಲ್ಲಿಂದ ಕಡಲ ತಳದ ಕೇಬಲ್ಲು, ಅಮೆರಿಕದಲ್ಲಿ ಕಂಪನಿಯ ಯಂತ್ರ, ಮತ್ತೆ ಕಡಲು, ಮತ್ತೆ ಬೆಂಗಳೂರು, ಆಮೇಲೆ ಶಿರಾ. ಹೋಗಿಬರಲು ಇಪ್ಪತ್ತೈದು ಸಾವಿರ ಕಿಲೋಮೀಟರಿಗೆ ಕಡಿಮೆಯಿಲ್ಲ. ಉಳಿದದ್ದು ನಿಮಿಷಕ್ಕೆ ಒಂದು ರೂಪಾಯಿ.

ಈ ಮಾರ್ಗವನ್ನು ನಾನು ಜಾಣನಂತೆ ಅಮ್ಮನಿಗೆ ವಿವರಿಸಿದೆ. ಮಾತನ್ನು ಸೆಕೆಂಡಿಗೆ ಐವತ್ತು ತುಂಡು ಮಾಡುತ್ತಾರೆ, ಒಂದೊಂದಕ್ಕೂ ವಿಳಾಸ ಬರೆದು ಕಡಲೆಕಾಯಿ ಮೂಟೆಗಳ ಹಾಗೆ ಕಳಿಸುತ್ತಾರೆ, ದಾರಿಯಲ್ಲಿ ಕೆಲವು ಮೂಟೆ ಬಿದ್ದುಹೋಗುತ್ತವೆ, ಅದಕ್ಕೇ ಅಕ್ಕ ತೊದಲಿದ ಹಾಗೆ ಕೇಳುವುದು, ಎಂದೆ. ಅಮ್ಮ ಗಮನವಿಟ್ಟು ಕೇಳಿ, "ಅಂದ್ರೆ ಶಿರಾಕ್ಕೆ ಅಮೆರಿಕದ ಮೇಲೆ ಹೋಗುತ್ತಾ?" ಎಂದಳು. ಹೌದೆಂದೆ. ಅದೇ ನಾನು ಮಾಡಿದ ತಪ್ಪು. ಅಲ್ಲಿಯವರೆಗೆ ಎದೆಯಿಂದ ಸಾಗುತ್ತಿದ್ದ ಶಿರಾದ ಮಾತನ್ನೂ ಅಮ್ಮ ಅಂದಿನಿಂದ ಸೆರಗು ಸಿಕ್ಕಿಸಿ ನಿಂತು ಕೂಗತೊಡಗಿದಳು. ಮೊದಲು ತಮ್ಮನ ವ್ಯವಹಾರವಷ್ಟೇ ಬೀದಿಗೆ ಗೊತ್ತಿತ್ತು. ಈಗ ಅಕ್ಕನ ಓರಗಿತ್ತಿ, ಓರಗಿತ್ತಿಯ ಸರ, ಸರ ಅಡವಿಟ್ಟ ಅಂಗಡಿ, ಎಲ್ಲವೂ. ಎದುರು ಮನೆಯ ಟೈಲರು ಅಮ್ಮನ ಕಾಲ್ ಶುರುವಾದರೆ ಹೊಲಿಗೆ ಮೆಷಿನ್ನು ನಿಲ್ಲಿಸುತ್ತಿದ್ದ.

ಆ ಸಂಕ್ರಾಂತಿಗೆ ಕೊರಟಗೆರೆಯ ಚಿಕ್ಕಪ್ಪ ಎಳ್ಳುಬೆಲ್ಲಕ್ಕೆ ಬಂದರು. ಅವರ ಮಗಳಿರುವುದು ದೆಹಲಿಯಲ್ಲಿ. ಅಪ್ಪ ಅಮೆರಿಕದ ನಂಬರಿನಿಂದ ಫೋನು ಮಾಡಿದರೆ ಮಗಳು ಹೇಗೆ ಬೆಚ್ಚಿಬಿದ್ದಾಳು ಎಂದು ನೋಡುವ ಆಸೆ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಾವು ಯಾರೂ ನೋಡದಾಗ ಡಬ್ಬದ ಮುಂದೆ ಕೂತು ಇಂಡಿಯಾದ ಕೋಡು 91 ಒತ್ತಿದರು. ದೆಹಲಿಯದು 11. ಅದರಲ್ಲಿ ಒಂದು ಒಂದು ಒತ್ತಿದ್ದಾರೆ, ಇನ್ನೊಂದು ಒಂದಕ್ಕೆ ಬೆರಳು ಎತ್ತಿದ್ದಾರೆ, ಅಷ್ಟರಲ್ಲಿ ಒಬ್ಬಾಕೆ ಇಂಗ್ಲಿಷಿನಲ್ಲಿ "ವಾಟ್ ಈಸ್ ಯುವರ್ ಎಮರ್ಜೆನ್ಸಿ?" ಎಂದಳು. ಚಿಕ್ಕಪ್ಪ ನಿವೃತ್ತ ಸಮಾಜ ಮೇಷ್ಟರು. ಶಾಂತವಾಗಿ, "ನೋ ನೋ, ಎಮರ್ಜೆನ್ಸಿ ಫಿನಿಷ್ಡ್ ಇನ್ 1977" ಎಂದು ರಿಸೀವರು ಇಟ್ಟರು.

911 ಅಲ್ಲಿನ ಪೊಲೀಸರ ನಂಬರು. ಇಂಥ ಡಬ್ಬದಿಂದ ಅದನ್ನು ಒತ್ತಿದರೂ ಪೊಲೀಸರಿಗೆ ವಿಳಾಸ ಸಿಗಬೇಕೆಂದು ಅಲ್ಲಿ 2005ರಲ್ಲಿ ಕಟ್ಟಳೆಯಾಗಿದೆ. ತಮ್ಮ ಪ್ರಾಮಾಣಿಕವಾಗಿ ತನ್ನದೇ ವಿಳಾಸ ಬರೆಸಿದ್ದ. ನಮ್ಮ ಬೆಳಗಿನ ಹನ್ನೊಂದು ಎಂದರೆ ಚಳಿಗಾಲದ ಎಡಿಸನ್ನಿನಲ್ಲಿ ಮಧ್ಯರಾತ್ರಿ ಹನ್ನೆರಡೂವರೆ. ಪಂಚೆ ಉಟ್ಟು ಮಲಗಿದ್ದವನು ಬಾಗಿಲು ತೆರೆದರೆ ಇಬ್ಬರು ಪೊಲೀಸರು. "ಈ ಮನೆಯ ಫೋನಿನಿಂದ ಕರೆ ಬಂತು." "ಆ ಫೋನು ಈ ಮನೆಯಲ್ಲಿಲ್ಲ, ಮಧುಗಿರಿಯಲ್ಲಿದೆ." "ಅದು ಯಾವ ಕೌಂಟಿ?" ಇವನು ತುಮಕೂರು ಎಂದಷ್ಟಕ್ಕೆ ಅವರ ಸಂಶಯ ಗಟ್ಟಿಯಾಯಿತು. ರೂಮು ರೂಮು ಹುಡುಕಿ, ಅಡುಗೆಮನೆಯಲ್ಲಿ ಟವೆಲು ಸುತ್ತಿ ಬೆಚ್ಚಗಿಟ್ಟಿದ್ದ ಮೊಸರಿನ ಪಾತ್ರೆಯನ್ನು ಬಿಚ್ಚಿ ಮೂಸಿ, ಮತ್ತೆ ಸುತ್ತಿಟ್ಟು ಹೋದರಂತೆ. ಮೊಸರು ಕೆಟ್ಟಿತೆಂಬುದೇ ತಮ್ಮನ ಹೆಂಡತಿಗೆ ಇವತ್ತಿಗೂ ಸಿಟ್ಟು.

ಇದಾಗಿ ಎರಡು ವಾರ. 2008ರ ಜನವರಿ 30, ಬುಧವಾರ. ನೆಗಡಿಯೆಂದು ರಜೆ ಹಾಕಿ ನಾನು ಮನೆಯಲ್ಲಿದ್ದೆ. ಮಧ್ಯಾಹ್ನ ಅಮ್ಮ ಶಿರಾಕ್ಕೆ ಕೂಗುತ್ತಿದ್ದಳು, ಟೈಲರ ಮೆಷಿನ್ನು ನಿಂತಿತ್ತು. ಅಕ್ಕನ ದನಿ ಆವತ್ತು ಮೊದಲಿಂದಲೂ ಮುಕ್ಕು ಮುಕ್ಕಾಗಿ ಬರುತ್ತಿತ್ತು. "ಅಮ್ಮಾ, ಬೆಳಗ್ಗೆ ನಮ್ಮನೆಯವರು ಬಿದ್ದು ಬಿದ್ದು..." ಎಂದದ್ದು ಕೇಳಿಸಿತು. ಅಲ್ಲಿಗೆ ಲೈನು ಸತ್ತಿತು. ಅಮ್ಮ "ಅಯ್ಯೋ ದೇವರೇ!" ಎಂದು ಚೀರಿದಳು.

ಎಕ್ಕಡದ ಕಾಲಿನಲ್ಲೇ ಟೈಲರು ಒಳಗೆ ಬಂದ. ನಾನು ಒಂದು ರೂಪಾಯಿ ಖರ್ಚಾದರೂ ಆಗಲೆಂದು 08135 ಒತ್ತಿ ಅಕ್ಕನ ಮನೆಯ ಮಾಮೂಲಿ ಫೋನಿಗೆ ಮಾಡಿದೆ. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಭಾವನ ಮೊಬೈಲು ಸ್ವಿಚ್ ಆಫ್. ಬ್ಯಾಟರಿ ಸವೆಯುತ್ತದೆಂದು ಅವರು ಅದನ್ನು ಆನ್ ಮಾಡುವುದೇ ಕಡಿಮೆ. "ಆಸ್ಪತ್ರೆಗೆ ಕರ್ಕೊಂಡ್ ಹೋಗಿರ್ತಾರೆ" ಎಂದ ಟೈಲರು, ಯಾರೂ ಕೇಳದೆಯೇ. ಅಮ್ಮ ದೇವರ ಗೂಡಿನ ಮುಂದೆ ಕೂತಳು. ಗೊರವನಹಳ್ಳಿ ಲಕ್ಷ್ಮಿಗೆ ಸೀರೆ ಹರಕೆಯಾಯಿತು, ಸಿದ್ಧರಬೆಟ್ಟ ಹತ್ತುವ ಹರಕೆಯಾಯಿತು. ಅಮ್ಮನ ಮಂಡಿ ನೋವಿನಲ್ಲಿ ಆ ಎರಡನೆಯದು ನನ್ನ ಪಾಲಿಗೇ ಬರುತ್ತದೆಂದು ನನಗೆ ಗೊತ್ತಿತ್ತು.

ನಾಲ್ಕು ಗಂಟೆಗೆ ಅಂಗಳದಲ್ಲಿ ಅಕ್ಕನೇ ನಿಂತಿದ್ದಳು. ಕೂದಲು ಕೆದರಿತ್ತು, ಕೈಯಲ್ಲಿ ಒಂದು ಚೀಲ ಕಡಲೆಕಾಯಿ. ಎಂಥ ಸಂಕಟದಲ್ಲೂ ಶಿರಾದವರು ಬರಿಗೈಲಿ ಬರುವುದಿಲ್ಲ. ಅವಳಿಗೆ ಆ ಕಡೆ ಕೇಳಿಸಿದ್ದು ಬರೀ "ಅಯ್ಯೋ ದೇವರೇ", ಆಮೇಲೆ ನಿಶ್ಶಬ್ದ. ಅಮ್ಮನಿಗೇ ಏನೋ ಆಯಿತೆಂದು ಬೀಗ ಹಾಕಿ ಬಸ್ಸು ಹತ್ತಿದ್ದಳು. ಅಮ್ಮನನ್ನು ನೋಡಿ ಅವಳು ಅತ್ತಳು, ಅವಳನ್ನು ನೋಡಿ ಅಮ್ಮ ಅತ್ತಳು. ಟೈಲರು ಮಾತ್ರ ಸಮಾಧಾನವಾಗಿ, "ಅಕ್ಕಾವ್ರೆ, ಭಾವ ಎಲ್ಲಿ ಬಿದ್ರು?" ಎಂದ.

"ಎಲ್ಲೂ ಬಿದ್ದಿಲ್ಲಪ್ಪ. ಚಿಕ್ಕಪ್ಪನ ಎಮರ್ಜೆನ್ಸಿ ವಿಷಯ ಕೇಳಿ ಬಿದ್ದು ಬಿದ್ದು ನಕ್ಕರು, ಅಂತ ಹೇಳ್ತಿದ್ದೆ."

ಮರುದಿನದ ಪೇಪರಿನಲ್ಲಿ ಕಾರಣ ಬಂತು. ಈಜಿಪ್ಟಿನ ಅಲೆಗ್ಸಾಂಡ್ರಿಯಾದ ಹತ್ತಿರ, ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಎರಡು ಕೇಬಲ್ಲು ತುಂಡಾಗಿದ್ದವು. ಇಂಡಿಯಾದ ಇಂಟರ್ನೆಟ್ಟು ದಿನಗಟ್ಟಲೆ ಕುಂಟಿತು. ಬೆಂಗಳೂರಿನ ಕಂಪನಿಗಳಿಗೆ ಎಷ್ಟು ತೊಂದರೆಯಾಯಿತೆಂದು ಪೇಪರಿನವರು ಉದ್ದಕ್ಕೆ ಬರೆದಿದ್ದರು. ಭಾವನ ನಗುವಿನ ಮೂಟೆ ಅಲ್ಲೇ ನೀರಿಗೆ ಬಿದ್ದದ್ದನ್ನು ಯಾರೂ ಬರೆಯಲಿಲ್ಲ.

ಅಕ್ಕ ಆವತ್ತು ಉಳಿದಳು. ಸಂಜೆ ಆರರ ಹೊತ್ತಿಗೆ ಅಮ್ಮ, ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತ ಮಾತಿಗೆ ಶುರುವಿಟ್ಟರು. ಅಷ್ಟರಲ್ಲಿ ಡಬ್ಬಕ್ಕೆ ಹೇಗೋ ಒಂದಿಷ್ಟು ಜೀವ ಬಂದು ಗಂಟೆ ಹೊಡೆಯಿತು. ಎಡಿಸನ್ನಿನಲ್ಲಿ ಬೆಳಗಿನ ಏಳೂವರೆ. ತಮ್ಮ ಆಫೀಸಿಗೆ ಹೊರಡುವ ಮುಂಚೆ ಅಮ್ಮನ ಜೊತೆ ಮಾತಾಡುವ ಹೊತ್ತು. ಅಮ್ಮ ತಿರುಗಿಯೂ ನೋಡದೆ ನನಗೆ ಕೈಸನ್ನೆ ಮಾಡಿದಳು. ನಾನೇ ಎತ್ತಿದೆ.

"ಅಮ್ಮ ಎಲ್ಲಿ?"

"ಅಕ್ಕ ಬಂದಿದ್ದಾಳೆ ಕಣೋ. ಮಾತಾಡ್ತಾ ಇದ್ದಾರೆ."

"ಏನು ಮಾತಾಡ್ತಿದ್ದಾರೆ? ಫೋನು ಆ ಕಡೆ ಹಿಡಿ, ನಾನೂ ಕೇಳ್ತೀನಿ."

ವೈರು ಎಳೆದಷ್ಟೂ ಎಳೆದು ರಿಸೀವರನ್ನು ಅಡುಗೆಮನೆಯ ಕಡೆ ಹಿಡಿದು ನಿಂತೆ. ಅಮ್ಮನೂ ಅಕ್ಕನೂ ಮಂಡಿಗೆ ಮಂಡಿ ತಾಗಿಸಿ ಕೂತಿದ್ದರು. ಅಮ್ಮ ಕೂಗುತ್ತಿರಲಿಲ್ಲ. ಒಂದು ನಿಮಿಷ ಕಾದು ಕಿವಿಗಿಟ್ಟುಕೊಂಡೆ.

"ಅಣ್ಣಾ, ಏನೂ ಕೇಳಿಸ್ತಿಲ್ಲ," ಎಂದ ತಮ್ಮ. "ಲೈನು ಹೋಗಿದೆ ಅನ್ಸುತ್ತೆ."